ಮಾಸ್ಕ್ ತೆಗೆದ ಮೇಲೆ

ಮೇಳಿಗೆ
12-11-2024, ಮಂಗಳವಾರ

ಪ್ರೀತಿಯ ಅಮಿತಾ,

ನಿನ್ನ ಸೋದರಮಾವ ಕ್ಷೇಮ, ನಿನ್ನ ಅತ್ತೆ ಶಾಂತಮ್ಮ ನನಗಿಂತ ಜೋರಾಗಿ ಕ್ಷೇಮ. ನಿನ್ನ ಮೆಸೇಜುಗಳಿಗೆ ಉತ್ತರ ಕೊಡದೆ ತಡಮಾಡಿದ್ದಕ್ಕೆ ಬೈಯಬೇಡ. ಫೋನಿನಲ್ಲಿ ಮಾತಾಡಿದರೆ ನನ್ನ ಒಂದೊಂದು ಮಾತನ್ನೂ ಇವಳು ಪಕ್ಕದಲ್ಲಿ ನಿಂತು ತಿದ್ದುತ್ತಾಳೆ. ಅದಕ್ಕೇ ಈ ಕಾಗದ.

ನಿನ್ನ ಕ್ರೀಡಾ ವಿಜ್ಞಾನದ ಸಂಶೋಧನೆಯ ಅಪ್ಪಣೆಯಂತೆ ಮೂರು ತಿಂಗಳು ಗುಡ್ಡ ಹತ್ತಿದ್ದೇನೆ. ಐವತ್ತು ದಾಟಿದವರು ಏರು ಹತ್ತಿದರೆ ಉಸಿರಿನ ಶಕ್ತಿ ಹೆಚ್ಚುತ್ತದೆಯೋ ಇಲ್ಲವೋ ಎಂದು ತಾನೇ ನೀನು ನೋಡುವುದು? ನನ್ನದು ಎಷ್ಟು ಹೆಚ್ಚಿದೆಯೆಂದರೆ, ಮೊನ್ನೆ ಗುಡ್ಡದ ತುದಿಯಲ್ಲಿ ನಿಂತು ಕೂಗಿದ್ದಕ್ಕೆ ಕೆಳಗೆ ರಸ್ತೆಯಲ್ಲಿ ಬಸ್ಸು ನಿಂತಿತು. ಡ್ರೈವರ್ ಬೈದದ್ದು ಬೇರೆ ವಿಷಯ. ನನ್ನ ಜೊತೆ ಹತ್ತುವ ರವೀಶ್ ನನಗಿಂತ ಚಿಕ್ಕವನು. ಅರ್ಧ ದಾರಿಯಲ್ಲೇ ಬಂಡೆ ಮೇಲೆ ಕೂತು, "ಮಂಜಣ್ಣ, ನೀವ್ ಮುಂದೆ ಹೋಗಿ, ನಾನು ಊರು ನೋಡ್ತೀನಿ" ಅನ್ನುತ್ತಾನೆ.

ನೀನು ಕೊಟ್ಟ ವಾಚಿನದೇ ಒಂದು ತಮಾಷೆ. ಗುಡ್ಡ ಹತ್ತುವಾಗ ತೆಪ್ಪಗಿರುತ್ತದೆ, ನಿನ್ನ ಅತ್ತೆಯ ಹತ್ತಿರ ಜಗಳಕ್ಕೆ ನಿಂತರೆ ಎದೆ ಬಡಿತ ಜಾಸ್ತಿಯಾಯಿತೆಂದು ಕುಯ್ ಕುಯ್ ಅನ್ನುತ್ತದೆ. ಇವಳ ಬಾಯಿ ಕೇಳಬೇಕೆ? "ನನ್ ಜೊತೆ ಮಾತಾಡೋದೂ ವ್ಯಾಯಾಮನೇ ಅಂತ ಬರ್ಕೊಳ್ಳೋಕೆ ಹೇಳಿ ಅಮಿತಂಗೆ!"

ಈಗ ಮುಂದಿನ ವಾರದ ಶನಿವಾರದ ವಿಷಯ. ತೀರ್ಥಹಳ್ಳಿಗೆ ಬಂದು, ಮೂಗು ಬಾಯಿಗೆ ಉಸಿರು ಅಳೆಯುವ ಮಾಸ್ಕ್ ಕಟ್ಟಿಕೊಂಡು ಆ ಓಡುವ ಮೆಷಿನ್ನನ್ನು ಎರಡನೇ ಸಲ ಹತ್ತಬೇಕು. ಇಬ್ಬರು ಆಗಲೇ ಬಿಟ್ಟುಹೋಗಿದ್ದಾರೆ, ಇನ್ನೊಬ್ಬರು ತಪ್ಪಿಸಿದರೂ ಇಷ್ಟು ದಿನದ ಕೆಲಸ ಹಾಳು ಎಂದು ಬರೆದಿದ್ದೀಯ. ನನಗೂ ಸಂಕಟವೇ. ಆದರೆ ಮಂಡಿ ನೋವು, ಬರುವುದು ಕಷ್ಟ. ಇದನ್ನು ಬರೆಯುವಾಗಲೇ ನಿನ್ನ ಅತ್ತೆ ಇಣುಕಿ ನೋಡಿ, "ಎಂಥಾ ಮಂಡಿ ನೋವ್ರೀ? ಬೆಳಿಗ್ಗೆ ಕರು ಹಿಂದೆ ರಸ್ತೆವರ್ಗೂ ಓಡಿದ್ರಲ್ಲ!" ಎಂದಳು. ಕರುವಿನ ಹಿಂದಿನ ಓಟ ಬೇರೆ, ಮೆಷಿನ್ ಮೇಲಿನ ಓಟ ಬೇರೆ. ಇವಳಿಗೆ ವಿಜ್ಞಾನ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಊರವರ ಉಸಿರು ಅಳೆಯುತ್ತ ನೀನು ಉಸಿರಾಡುವುದನ್ನು ಮರೆಯಬೇಡ. ನೀನು ಕೈಗೆತ್ತಿಕೊಂಡ ಕೆಲಸ ದಡ ಸೇರಲಿ. ನಿನ್ನ ಹೆಸರಿನ ಮುಂದೆ ಡಾಕ್ಟರ್ ಬಂದ ದಿನ ಮೇಳಿಗೆಗೆಲ್ಲ ಪಾಯಸ ನನ್ನದು.

ನಿನ್ನ ಮಾವ,
ಮಂಜುನಾಥಪ್ಪ

ವಿ.ಸೂ.: ಅತ್ತೆ ಕೊಟ್ಟಿಗೆಗೆ ಹೋದಳು. ಮಂಡಿಗೆ ಏನೂ ಆಗಿಲ್ಲ, ಮಗಳೇ. ಮೊದಲ ಸಲ ಆ ಮೆಷಿನ್ ಮೇಲೆ ಕಾಲು ಸೋತು ಇನ್ನು ನಿಲ್ಲಿಸೋಣ ಅನ್ನುವಷ್ಟರಲ್ಲಿ ನೀನು ಪಕ್ಕದಲ್ಲಿ ನಿಂತು, "ತುಂಬಾ ಚೆನ್ನಾಗಿ ಓಡ್ತಿದೀರಿ, ಬಿಡಬೇಡಿ, ಇನ್ನೊಂಚೂರು" ಎಂದು ಕೂಗಿದೆ. ನಮ್ಮ ಮನೆಯಲ್ಲಿದ್ದುಕೊಂಡು ನೀನು ಹೈಸ್ಕೂಲಿಗೆ ಹೋಗುತ್ತಿದ್ದಾಗ ನಿನ್ನ ಪ್ರತಿ ಓಟಕ್ಕೂ ಗಂಟಲು ಹರಿದುಕೊಂಡವನು ನಾನು. ನನಗಾಗಿ ಒಬ್ಬರು ಕೂಗಿದ್ದು ಅದೇ ಮೊದಲು. ಕಣ್ಣು ತುಂಬಿತು. ನೀನು ಬೆವರು ಅಂದುಕೊಂಡಿರಬೇಕು.

ಆಮೇಲೆ ಬಾಗಿಲ ಹೊರಗೆ ಶೂ ಬಿಚ್ಚುತ್ತ ಕೂತಿದ್ದೆ. ಒಳಗೆ ರವೀಶ್ ಓಡುತ್ತಿದ್ದ. ಅವನಿಗೂ ಅದೇ ಮಾತು, ಅದೇ ದನಿ. ಹೊರಗೆ ಬಂದವನು, "ಎಲ್ರಿಗೂ ಅಷ್ಟೇ ಹೇಳ್ಬೇಕಂತೆ ಮಂಜಣ್ಣ, ಬರ್ದು ಗೋಡೆಗೆ ಅಂಟ್ಸಿದಾರೆ" ಎಂದ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಕೂಗಿದರೆ ನಿನ್ನ ಲೆಕ್ಕ ಕೆಡುತ್ತದೆ, ಅಷ್ಟು ನನಗೂ ಅರ್ಥವಾಗುತ್ತದೆ. ಆದರೂ ಅವತ್ತು ನೀನು ಒಮ್ಮೆಯೂ ಮಾವ ಅನ್ನಲಿಲ್ಲ.

ಶನಿವಾರ ಬರುತ್ತೇನೆ. ಓಡುವಾಗ ಗೋಡೆಯ ಮೇಲಿದ್ದಷ್ಟೇ ಹೇಳು. ಮಾಸ್ಕ್ ತೆಗೆದ ಮೇಲೆ ಒಂದು ಸಲ ಮಾವ ಅನ್ನು, ಸಾಕು.