ಬೆಟ್ಟಕ್ಕೆ ಹೊರಟ ಅತ್ತೆ-ಸೊಸೆ

ಅತ್ತೆಯವರ ಪಾದಗಳಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮೂರು ಬೀದಿ ಆಚೆ ಇರುವವಳು ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡಿ, ಎಲ್ಲರೂ ಕ್ಷೇಮ. ಎದುರು ಬಂದು ಹೇಳೋಣವೆಂದರೆ ನಾವಿಬ್ಬರೂ "ಊಟ ಆಯ್ತಾ", "ಆಯ್ತು" ಎನ್ನುವುದರಾಚೆ ಹೋದವರಲ್ಲ. ಅಲ್ಲದೆ ಬಾಯಲ್ಲಿ ಹೇಳಹೋದರೆ ಅತ್ತುಬಿಡುತ್ತೇನೇನೋ.

ಬೆಟ್ಟದ ಮೇಲಿನ ರಾಷ್ಟ್ರೀಯ ಉದ್ಯಾನ ನೋಡುವ ಆಸೆ ನನಗೆ ಮದುವೆಯಾದಾಗಿನಿಂದ. ಬೇಸಿಗೆ ಬಂತೆಂದರೆ ನಾನು ನಕ್ಷೆ ಹರಡಿಕೊಂಡು ಕೂರುವುದು, ನಿಮ್ಮ ಮಗ ಪಕ್ಕದಲ್ಲಿ ಬಂದು ನಿಟ್ಟುಸಿರು ಬಿಡುವುದು. "ಅಮ್ಮನ್ನ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ. ಕರ್ಕೊಂಡು ಹೋಗೋಣ ಅಂದ್ರೆ ನಿನ್ನ ಜೊತೆ ಬರಲ್ಲ ಅಂತಾಳೆ. ನಾನೇನು ಮಾಡಲಿ?" ನಾನು ನಕ್ಷೆ ಮಡಚಿಟ್ಟು, ನಿಮ್ಮ ಮೇಲೆ ಹಲ್ಲು ಮಸೆಯುತ್ತ ಪಾತ್ರೆ ತಿಕ್ಕುತ್ತಿದ್ದೆ. ಬೇಸಿಗೆಯಲ್ಲಿ ನಮ್ಮ ಮನೆಯ ಪಾತ್ರೆಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಈ ಸಲ ಯಾರು ಬರಲಿ ಬಿಡಲಿ, ನಾನಂತೂ ಹೋಗುವವಳೇ ಎಂದುಕೊಂಡು, ಹೋದ ವಾರ ಕನ್ನಡಕದ ಅಂಗಡಿಯಲ್ಲಿ ದಿನದ ಕೆಲಸ ಮುಗಿಸಿ ಬೂಟು ಕೊಳ್ಳಲು ಹೋದೆ. ಚಪ್ಪಲಿ ಅಂಗಡಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮತ್ತೆ ಆಗಲೇ ಒಂದು ಜೊತೆ ತಗೊಂಡು ಹೋಗಿದ್ದಾರೆ. ಬೂಟು ಕಚ್ಚಬಾರದು ಅಂತ ದಿನಾ ಹಾಕ್ಕೊಂಡು ಮಾರ್ಕೆಟ್ ಸುತ್ತುತಾರೆ. 'ಸೊಸೆ ನನ್ನ ಜೊತೆ ಬೆಟ್ಟಕ್ಕೆ ಬರಲ್ವಂತೆ, ಮಗ ಹೇಳ್ದ, ಇವತ್ತಲ್ಲ ನಾಳೆ ಅವಳ ಮನಸ್ಸು ಕರಗೀತು' ಅಂದ್ರು. ಯಾಕ್ರೀ ಆ ಹಿರಿಯ ಜೀವಕ್ಕೆ ಹಾಗೆ ಮಾಡ್ತೀರಿ?"

ಊಟಕ್ಕೆ ಕೂತಾಗ ಕೇಳಿದೆ. ನಿಮ್ಮ ಮಗ ತಮ್ಮ ಲೋಟದ ನೀರು ಕುಡಿದರು. ಆಮೇಲೆ ನನ್ನದನ್ನೂ ಕುಡಿದರು.

"ಅಮ್ಮ ಯಾವತ್ತು ಹಾಗಂದ್ರು?"

"ಅಂದಿಲ್ಲ."

"ನಾನು?"

"ನೀನೂ ಅಂದಿಲ್ಲ." ಆಮೇಲೆ ತಟ್ಟೆಗೆ ಹೇಳಿದಂತೆ ಹೇಳಿದರು, "ನಂಗೆ ಎತ್ತರ ಅಂದ್ರೆ ಭಯ ಕಣೆ."

ಅತ್ತೆ, ಇವರು ಲಿಫ್ಟ್ ರಿಪೇರಿ ಮಾಡುವವರು. ಬೆಳಗಾದರೆ ಇಪ್ಪತ್ತನೇ ಮಹಡಿಯಲ್ಲಿರುವವರು. ಹಾಗಂತ ನಾನಂದರೆ, "ಲಿಫ್ಟಿಗೆ ನಾಲ್ಕೂ ಕಡೆ ಗೋಡೆ ಇರುತ್ತೆ. ಬೆಟ್ಟಕ್ಕೆ ಯಾರು ಗೋಡೆ ಕಟ್ಟಿರ್ತಾರೆ?" ಎಂದು ನನ್ನನ್ನೇ ಕೇಳಿದರು.

ನಗು ಬಂತು, ಸಿಟ್ಟೂ ಬಂತು. ತಮ್ಮ ಭಯ ಮುಚ್ಚಿಡಲು ಇಷ್ಟು ವರ್ಷ ನಮ್ಮಿಬ್ಬರ ನಡುವೆ ಕಡ್ಡಿ ಆಡಿಸಿದರಲ್ಲ. ಇವರನ್ನು ನಿಮ್ಮ ಮನೆಯೊಳಗೆ ಕಳಿಸಿ ನಾನು ಬೀದಿಯಲ್ಲೇ ನಿಂತಿರುತ್ತಿದ್ದೆ. ನೀವು ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದಿರಿ. ಕರೆಯಲಿ ಎಂದು ನಾನು, ಬರಲಿ ಎಂದು ನೀವು.

ಮಾರನೆಯ ದಿನವೇ ಉದ್ಯಾನದ ಕಚೇರಿಗೆ ಫೋನು ಮಾಡಿ ಅತಿಥಿಗೃಹದಲ್ಲಿ ನಮ್ಮಿಬ್ಬರಿಗೂ ಕೋಣೆ ಹಿಡಿದೆ. "ಕರಡಿ ಹತ್ತಿರ ಬರಬಾರದು ಅಂದ್ರೆ ದಾರೀಲಿ ಜೋರಾಗಿ ಮಾತಾಡ್ತಾ ನಡೀರಿ" ಎಂದ ಅಲ್ಲಿನ ಕಾವಲುಗಾರ. ಬರುವವರು ಅತ್ತೆ-ಸೊಸೆ ಎಂದೆ. "ಹಾಗಾದ್ರೆ ಕರಡಿಗೇ ಎಚ್ಚರಿಕೆ ಹೇಳಿರ್ತೀನಿ" ಎಂದ.

ನಿಮ್ಮ ಮಗನನ್ನು ಮನೆ ಕಾಯಲು ಬಿಡುವುದೆಂದು ತೀರ್ಮಾನಿಸಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ತಾವೂ ಬರುತ್ತೇನೆಂದು ಚೀಲ ತುಂಬಿಕೊಂಡು ಕೂತಿದ್ದಾರೆ. ಭಯ ಹೋಯಿತೇ ಎಂದು ಕೇಳಿದೆ. "ಎಲ್ಲಿ ಹೋಗುತ್ತೆ? ನೀವಿಬ್ರೂ ನಾನಿಲ್ದೆ ಬಸ್ಸಲ್ಲಿ ಅಷ್ಟು ಹೊತ್ತು ಮಾತಾಡ್ಕೊಂಡು ಹೋಗ್ತೀರಲ್ಲ, ಅದಕ್ಕಿಂತ ಬೆಟ್ಟನೇ ವಾಸಿ" ಎಂದರು.

ಶನಿವಾರ ಹೊರಡೋಣ. ಕಣ್ಣು ಮುಚ್ಚಿಕೊಂಡಾದರೂ ನಿಮ್ಮ ಮಗ ಮೇಲೆ ತಲುಪಲಿ, ನಮ್ಮ ಮಾತು ಇಳಿದು ಬರುವವರೆಗೂ ಮುಗಿಯದಿರಲಿ ಎಂದು ಹರಸಿ.

ಇಂತಿ,
ನಿಮ್ಮ ಜೊತೆ ಬರುವ
ಸೊಸೆ