ಮೇಜಿನ ಕೆಳಗಿನ ಏಳನೆಯವನು

ಬೈಶೆನ್ ಅಣ್ಣನಿಗೆ,

ಕರಕೋಲ್ ಗ್ರಂಥಾಲಯದಿಂದ ಬುರುಲ್ ಬರೆಯುವುದು.

ಪತ್ರವನ್ನು ಕೆನೆಷ್ ಕೈಯಲ್ಲಿ ಕಳಿಸುತ್ತಿದ್ದೇನೆ. ಮಂಗಳವಾರ ಅವನ ವ್ಯಾನು ನಿಮ್ಮೂರ ಮೇಲೇ ಹೋಗುತ್ತದೆ. ಫೋನ್ ಮಾಡಬಹುದಿತ್ತು. ಮಾಡಿದರೆ ಕುರಿಗಳು ಹೇಗಿವೆ, ಹಿಮ ಕರಗಿತೇ ಎಂದು ವಿಚಾರಿಸಿ ಇಟ್ಟುಬಿಡುತ್ತೇನೆ. ಈ ಎರಡು ವರ್ಷಗಳಲ್ಲಿ ಮೂರು ಸಲ ಹಾಗೆಯೇ ಮಾಡಿದೆ.

ವಿಷಯ ಇಷ್ಟು. ವಸಂತದ ರಸಪ್ರಶ್ನೆ ಪಂದ್ಯಗಳಿಗೆ ತಂಡದ ಆರು ಹೆಸರುಗಳನ್ನು ಶುಕ್ರವಾರದೊಳಗೆ ಕೊಡಬೇಕು. ಐದು ಬರೆದೆ. ಆರನೆಯ ಸಾಲಿನಲ್ಲಿ, ನಿಮ್ಮನ್ನು ಕೇಳದೆ, ನಿಮ್ಮ ಹೆಸರು ಬರೆದಿದ್ದೇನೆ. ಪೆನ್ಸಿಲಿನಲ್ಲಿ.

ತಂಡಕ್ಕೆ 'ಏಳು ಸಂಪತ್ತು' ಎಂದು ಹೆಸರಿಟ್ಟವರು ನೀವೇ. ನಮ್ಮ ಹಿರಿಯರು ಎಣಿಸಿದ ಏಳರಲ್ಲಿ ವಿದ್ಯೆಯೂ ಇದೆ, ಬೇಟೆನಾಯಿಯೂ ಇದೆ, ಎರಡೂ ಒಂದೇ ಸಾಲಿನಲ್ಲಿ ಎಂದಿರಿ. ಮೊದಲ ದಿನ ಸಭಾಭವನದಲ್ಲಿ ಹೆಸರು ಬರೆದುಕೊಳ್ಳುವ ಹೆಂಗಸು ನಮ್ಮನ್ನು ಎಣಿಸಿ, "ಆರೇ ಜನ ಇದೀರಲ್ಲ, ಏಳನೆಯವನೆಲ್ಲಿ?" ಎಂದಳು. ಕೆನೆಷ್ ಮೇಜಿನ ಬಟ್ಟೆ ಎತ್ತಿ ನಿಮ್ಮ ಬೇಟೆನಾಯಿ ಉಚಾರ್‌ನನ್ನು ತೋರಿಸಿದ. "ಇಗೋ, ಇಲ್ಲಿ ಮಲಗಿದಾನೆ. ಉತ್ತರ ಎಲ್ಲಾ ಗೊತ್ತು ಇವನಿಗೆ. ಹೇಳೋದಿಲ್ಲ, ಅಷ್ಟೆ." ಆ ಹೆಂಗಸು ನಾಯಿಯನ್ನು ಹೊರಗೆ ಕಳಿಸಲಿಲ್ಲ. ಮುಂದಿನ ಭಾನುವಾರ ತಾನೇ ಒಂದು ತುಂಡು ಕಂಬಳಿ ತಂದು ಹಾಸಿದಳು.

ಸಾಹಿತ್ಯದ ಪ್ರಶ್ನೆ ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಭೂಗೋಳಕ್ಕೆ ಕೆನೆಷ್. ನಮ್ಮೂರ ಸರೋವರದ ದಂಡೆ ಬಿಟ್ಟು ಎಲ್ಲೂ ಹೋಗದವನು ಭೂಪಟವನ್ನೆಲ್ಲ ನುಂಗಿ ಕೂತಿದ್ದ. "ಉಜ್ಬೇಕರು ಸಮುದ್ರ ನೋಡ್ಬೇಕಂದ್ರೆ ಎರಡು ದೇಶ ದಾಟ್ಬೇಕು. ನಾವು ಒಂದೇ ದಾಟಿದ್ರೆ ಸಾಕು," ಎಂದು ಹೇಳುವಾಗ ನಾಳೆಯೇ ಹೊರಟವನ ಹಾಗೆ ಬೀಗುತ್ತಿದ್ದ. ನಿಮಗೆ ಮಾತ್ರ ಒಂದು ವಿಷಯ ಅಂತಿರಲಿಲ್ಲ. ಪಶುವೈದ್ಯರಿಗೆ ಏನು ಗೊತ್ತಿರುತ್ತದೆ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡದ್ದುಂಟು. ಈಗ ಹೇಳುತ್ತಿದ್ದೇನೆ.

ಆಗ ಆ ಸ್ವಿಸ್ ಎಂಜಿನಿಯರನ ಪ್ರಶ್ನೆ ಬಂತು. ನಾಯಿಯ ಜೊತೆ ಕಾಡು ಸುತ್ತಿ ಬಂದವನು ಸೂಕ್ಷ್ಮದರ್ಶಕದಲ್ಲಿ ಏನನ್ನೋ ನೋಡಿದ. ಅದರಿಂದ ಹುಟ್ಟಿದ ವಸ್ತು ಈಗ ನಿಮ್ಮಲ್ಲೊಬ್ಬರ ಮೈಮೇಲಿರಬಹುದು, ಏನದು? ನಾವು ಐವರೂ ಒಟ್ಟಿಗೇ ಮಾತಾಡುತ್ತಿದ್ದೆವು. ನೀವು ಕೆನೆಷ್‌ನ ಜಾಕೆಟ್ಟಿನ ತೋಳು ಹಿಡಿದು, ಅದರ ವೆಲ್ಕ್ರೋ ಅಂಟುಪಟ್ಟಿಯನ್ನು ಚರ್ರನೆ ಕಿತ್ತಿರಿ. "ಬರಿಯಮ್ಮ. ದಿನಾ ಸಂಜೆ ಉಚಾರ್ ಮೈಯಿಂದ ಮುಳ್ಳುಕಾಯಿ ಕೀಳ್ತೀನಲ್ಲ, ಹಿಂಗೇ ಸದ್ದು ಬರೋದು." ಬರೆದೆ. ಸರಿಯಾಗಿತ್ತು. ನೀವು ಓದಿದ್ದನ್ನಲ್ಲ, ಮುಟ್ಟಿದ್ದನ್ನು ಹೇಳುತ್ತೀರಿ ಎಂದು ಅಂದೇ ಗೊತ್ತಾಯಿತು. ಗೊತ್ತಿದ್ದೂ ಆಮೇಲೆ ಹಾಗೆ ಮಾಡಿದೆ.

ಆ ಶರತ್ಕಾಲದ ಭಾನುವಾರ ಗೆದ್ದಿದ್ದರೆ ಅಂತಿಮ ಪಂದ್ಯಕ್ಕೆ ರಾಜಧಾನಿ ಬಿಷ್ಕೆಕ್‌ಗೆ ಹೋಗುತ್ತಿದ್ದೆವು. ಕೊನೆಯ ಪ್ರಶ್ನೆ: ಅಲೆಕ್ಸಾಂಡರ್ ತನ್ನ ಸತ್ತ ಕುದುರೆಯ ಹೆಸರನ್ನು ಒಂದು ಊರಿಗೆ ಇಟ್ಟ; ತಾನು ಕಳೆದುಕೊಂಡ ಇನ್ಯಾರ ಹೆಸರನ್ನು ಮತ್ತೊಂದು ಊರಿಗೆ ಇಟ್ಟನೆಂದು ಹೇಳುತ್ತಾರೆ? ನೀವು ತಕ್ಷಣ, ಬಹಳ ಮೆಲ್ಲಗೆ, "ನಾಯಿ," ಅಂದಿರಿ.

ನಾನು ನಕ್ಕೆ. "ಬೈಶೆನ್ ಅಣ್ಣ, ಇದು ಇತಿಹಾಸ. ನಿಮ್ಮ ಕುರಿದೊಡ್ಡಿ ಅಲ್ಲ. ನಾಯಿ ಹೆಸರಲ್ಲಿ ಯಾರಾದ್ರೂ ಊರು ಕಟ್ತಾರಾ?"

"ಒಳ್ಳೆ ನಾಯಿ ಸಾಕಿದೋನು ಕಟ್ತಾನೆ."

ಉತ್ತರಕ್ಕೆ ಕೊಟ್ಟ ಒಂದು ನಿಮಿಷ ಮುಗಿಯುತ್ತಿತ್ತು. ನಾಯಕಿ ನಾನು, ಪೆನ್ನು ನನ್ನ ಕೈಯಲ್ಲಿತ್ತು. 'ಅವನ ಗೆಳೆಯ' ಎಂದು ಬರೆದು ಚೀಟಿ ಕೊಟ್ಟೆ. ಉತ್ತರ ಓದಿದರು: ನಾಯಿ. ಮರಿಯಿಂದ ಸಾಕಿದ, ಬಹಳ ಪ್ರೀತಿಸಿದ ನಾಯಿ. ಒಂದು ಅಂಕದಿಂದ ಸೋತೆವು. ನೀವು ಟೋಪಿ ಹಾಕಿಕೊಂಡು, ಹೊರಗೆ ನಾವೆಲ್ಲ ಕೂತು ಉಣ್ಣುವ ಹುಳಿಖಾರದ ಶಾವಿಗೆ ಅಂಗಡಿಯನ್ನೂ ದಾಟಿ, ನಡೆದುಹೋದಿರಿ.

ನೀವು ಸೋಲಿಗೆ ಸಿಟ್ಟಾದಿರಿ ಎಂದುಕೊಂಡೆ. ತಿಂಗಳಾದ ಮೇಲೆ ವ್ಯಾನಿನಲ್ಲಿ ಹೋಗುವಾಗ ಕೆನೆಷ್ ಹೇಳಿದ. "ಪಂದ್ಯಕ್ಕೆ ಎಂಟು ದಿನ ಮುಂಚೆ ಉಚಾರ್ ಹೋದ. ಅಣ್ಣನೇ ಗುಡ್ಡದ ಮೇಲೆ ಒಯ್ದು ಮಣ್ಣು ಮಾಡಿದ್ರು. ನಿಂಗೆ ಗೊತ್ತಿರ್ಲಿಲ್ವಾ ಅಕ್ಕ?"

ಗೊತ್ತಿರಲಿಲ್ಲ. ಆದರೆ ಅಂದು ಮೇಜಿನ ಕೆಳಗೆ ಕಾಲು ಚಾಚಿದಾಗ ನನ್ನ ಪಾದಕ್ಕೆ ಬರಿಯ ಕಂಬಳಿ ತಾಗಿತ್ತು. ಏಳನೆಯವನಿಲ್ಲ ಎಂದು ಗಮನಿಸಿದೆ. ಎಲ್ಲಿ ಎಂದು ಕೇಳಲಿಲ್ಲ. ನೂರಾರು ಪ್ರಶ್ನೆಗಳಿಗೆ ಉತ್ತರ ಹುಡುಕಿದವಳಿಗೆ ಕೇಳಬೇಕಾದ ಆ ಒಂದು ಪ್ರಶ್ನೆ ಹೊಳೆಯಲಿಲ್ಲ. ನಾನು ಕ್ಷಮೆ ಕೇಳುವುದು ತಪ್ಪು ಬರೆದುದಕ್ಕಲ್ಲ, ಅಣ್ಣ. ಅದಕ್ಕೆ ಒಂದು ಅಂಕ ಹೋಯಿತು, ತೀರಿತು. ಕ್ಷಮೆ ಕೇಳುವುದು ಇದಕ್ಕೆ.

ಎರಡು ವರ್ಷದಿಂದ ಐದೇ ಜನ ಆಡುತ್ತಿದ್ದೇವೆ. ಆರನೆಯ ಕುರ್ಚಿಗೆ ಜನ ಬಂದರು. ಕೆನೆಷ್ ಪ್ರತಿ ಸಲ ತನ್ನ ಕೋಟು ಅದರ ಮೇಲಿಟ್ಟು, "ಆಳು ಬರ್ತಿದಾರೆ, ದಾರೀಲಿದಾರೆ," ಎನ್ನುತ್ತಾನೆ. ಅವನು ಹಾಗೆ ಹೇಳುವುದನ್ನು ನಾನು ಒಮ್ಮೆಯೂ ತಡೆದಿಲ್ಲ. ಕಂಬಳಿಯನ್ನು ಪ್ರತಿ ತಿಂಗಳು ಕೊಡವಿ ಅಲ್ಲೇ ಹಾಸುತ್ತೇನೆ. ನೀವು ಬಂದರೆ ಪೆನ್ನು ನಿಮ್ಮ ಮುಂದಿರುತ್ತದೆ. ಸಾಹಿತ್ಯದ ಉತ್ತರವನ್ನು ನಾನು ಪಿಸುಗುಡುತ್ತೇನೆ. ಬರೆಯುವುದೋ ಬಿಡುವುದೋ ನಿಮ್ಮ ಇಷ್ಟ. ಬಾರದಿದ್ದರೆ ಕೆನೆಷ್‌ಗೆ ಹೇಳಿ, ಶುಕ್ರವಾರ ಅಳಿಸುತ್ತೇನೆ. ಪತ್ರ ಮಾತ್ರ ಇಟ್ಟುಕೊಳ್ಳಿ.

ಇನ್ನೊಂದಿದೆ. ಹೋದ ವಾರ ನಿಮ್ಮ ಅಂಗಳದಲ್ಲಿ ಜೋಲುಕಿವಿಯ, ಉದ್ದ ಕಾಲಿನ ಪುಟ್ಟ ನಾಯಿಮರಿಯೊಂದು ನಿಮ್ಮ ಬೂಟು ಕಡಿಯುತ್ತಿತ್ತಂತೆ. ಕೆನೆಷ್ ವ್ಯಾನು ನಿಲ್ಲಿಸದೆ ಬಂದನಂತೆ, ಏನೂ ಕೇಳಲಿಲ್ಲವಂತೆ. ಈ ಸಲ ನಾನು ಕೇಳುತ್ತೇನೆ. ಇದಕ್ಕೆ ಒಂದು ನಿಮಿಷದ ಗಡುವಿಲ್ಲ, ಅಂಕವಿಲ್ಲ, ಉತ್ತರ ನನ್ನ ಯಾವ ಪುಸ್ತಕದಲ್ಲೂ ಇಲ್ಲ.

ಅದಕ್ಕೆ ಏನು ಹೆಸರಿಟ್ಟಿದ್ದೀರಿ?

ನಿಮ್ಮ ದಾರಿ ಬೆಳ್ಳಗೆ, ಸುಗಮವಾಗಿರಲಿ, ನಿಮ್ಮ ಮಂದೆ ಹೆಚ್ಚಲಿ.

ಉತ್ತರಕ್ಕೆ ಕಾದಿರುವ ತಂಗಿ,
ಬುರುಲ್