ಅಟ್ಟದ ಕಾಯಿ

ಪವಿತ್ರಾ,

ಈ ಮನೆಯ ಸುದ್ದಿಯೇ ಇನ್ನು ಬೇಡ ಎಂದು ತವರಿಗೆ ಹೋದವಳು ನೀನು. ಇದನ್ನು ಕಳಿಸುವುದಿಲ್ಲ.

ಮಗಳ ಕಾಲೇಜಿಗೆಂದು ನೀನು ಅಟ್ಟದಲ್ಲಿ ಕೊಬ್ಬರಿಗೆ ಬಿಟ್ಟಿದ್ದ ಕಾಯಿಯನ್ನೆಲ್ಲ ಒಣಗುವ ಮೊದಲೇ ಮಾರಿಬಿಟ್ಟೆ. ಅಮ್ಮನ ಡೈಪರ್‌ಗೆ, ಮಾತ್ರೆಗೆ ಹೋಯಿತು. ಅವಳನ್ನು ಮಗ್ಗುಲು ಬದಲಿಸಲು ಯಾರಾದರೂ ಮನೆಯಲ್ಲಿರಬೇಕಲ್ಲ, ಹೊಲಿಗೆ ಅಂಗಡಿಗೂ ಬೀಗ ಹಾಕಿದ್ದೇನೆ.

ಕಾಯಿ ಮಾರಿದ್ದು ಅಮ್ಮನಿಗೆ ಗೊತ್ತಿಲ್ಲ. ಇವತ್ತು ಗಂಜಿ ಕುಡಿಸುವಾಗ ಹಟ ಹಿಡಿದಳು.

"ಅಟ್ಟದಿಂದ ಒಂದ್ ಕಾಯಿ ತಗಂಡ್ ಬಾರ್ಲಾ. ಕೊಬ್ರಿ ಆಗೈತಾ ನೋಡ್ತೀನಿ."

ಏಣಿ ಹತ್ತಿದ ಹಾಗೆ ಸದ್ದು ಮಾಡಿ, ಅಡುಗೆಮನೆಯಲ್ಲಿ ಸಾರಿಗೆ ಇಟ್ಟಿದ್ದ ಹಸಿಕಾಯಿಯನ್ನು ತಂದು ಅವಳ ಕಿವಿಯ ಹತ್ತಿರ ಅಲ್ಲಾಡಿಸಿದೆ. ಕೊಬ್ಬರಿಯಾಗಿದ್ದರೆ ಒಳಗೆ ಗಡಗಡ ಅನ್ನಬೇಕಿತ್ತು. ನೀರು ಕುಲುಕಿತು.

ಎಷ್ಟೋ ತಿಂಗಳ ಮೇಲೆ ಅಮ್ಮನ ಮುಖ ಅರಳಿತು.

"ಇನ್ನೂ ನೀರೈತೆ ಕಣ್ಲಾ. ಇಳಿಸ್ಬ್ಯಾಡ, ಇನ್ನೊಂದ್ ವರ್ಸ ಬುಡು. ನೋಡ್ಕಳಾಕೆ ನಾನಿರ್ತೀನಲ್ಲ."

ಇನ್ನೊಂದು ವರ್ಷ. ಕಾಯಿಯನ್ನು ಕೆಳಗಿಟ್ಟು ಚಮಚಕ್ಕೆ ಗಂಜಿ ತುಂಬಿಕೊಂಡೆ.

ಅವಳು ಗಂಜಿಗೆ ಮತ್ತೆ ಬಾಯಿ ತೆರೆದಳು. ಬಹಳ ಹೊತ್ತು ಚಮಚ ನನ್ನ ಕೈಯಲ್ಲೇ ಇತ್ತು, ಪವಿತ್ರಾ.